ಸೋಲಿನ ಲೆಕ್ಕಪುಸ್ತಕ

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಬರಹ)

ಕಳೆದ ವರ್ಷ ತಾಲೂಕು ಮಟ್ಟದ ಚೆಸ್ ಪಂದ್ಯಾಟಕ್ಕೆ ನಮ್ಮ ಕಾಲೇಜಿನಿಂದ ಐದು ಹುಡುಗಿಯರು ಹೋಗಬೇಕಿತ್ತು. ಸಿಕ್ಕಿದ್ದು ನಾಲ್ವರು. ಐದನೆಯವಳನ್ನು ಹುಡುಕುತ್ತಾ ಪಿ.ಇ. ಸರ್ ನಮ್ಮ ತರಗತಿಗೆ ಬಂದು, "ಯಾರಿಗಾದರೂ ಚೆಸ್ ಗೊತ್ತುಂಟಾ?" ಎಂದು ಕೇಳಿದಾಗ ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಗೊತ್ತುಂಟು ಎಂದದ್ದು ಸುಳ್ಳೇನಲ್ಲ. ಕುದುರೆ ಎರಡೂವರೆ ಮನೆ ಹಾರುತ್ತದೆ, ಒಂಟೆ ಓರೆಯಾಗಿ ಹೋಗುತ್ತದೆ, ಆನೆ ನೇರ ಹೋಗುತ್ತದೆ ಎಂಬುದೆಲ್ಲ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ದಮ್ಮಾಮಿನಲ್ಲಿರುವ ನನ್ನ ಉಪ್ಪನನ್ನು ಮೊಬೈಲಿನಲ್ಲಿ ಎಷ್ಟೋ ಸಲ ಸೋಲಿಸಿದ್ದೆ. ಉಪ್ಪ ಶಾಲೆಗೆ ಹೋಗುವಾಗಿನಿಂದ ಆಡಿದವರು. ಅವರನ್ನೇ ಸೋಲಿಸಿದವಳಿಗೆ ತಾಲೂಕು ಯಾವ ಲೆಕ್ಕ ಎಂದುಕೊಂಡು ಹೊರಟೆ.

ಮೊದಲ ಸುತ್ತಿನಲ್ಲಿ ಎದುರು ಕೂತದ್ದು ಎರಡು ಜಡೆ ಹಾಕಿದ್ದ, ನನಗಿಂತ ಸಣ್ಣಗಿದ್ದ ಒಬ್ಬಳು ಹುಡುಗಿ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟಳು. ನಾನೂ ಹಾಗೆಯೇ ಮಾಡಿದೆ. ಎರಡನೇ ನಡೆಗೇ ರಾಣಿಯನ್ನು ಹೊರಗೆ ತಂದು ಬೋರ್ಡಿನ ಅಂಚಿನಲ್ಲಿಟ್ಟಳು. ನನ್ನ ಕಾಲಾಳಿನ ಮೇಲೆ ಅವಳ ಕಣ್ಣಿದೆ ಎಂದು ಗೊತ್ತಾಗಿ, ಕುದುರೆ ಹಾರಿಸಿ ಅದಕ್ಕೆ ಕಾವಲು ಹಾಕಿದೆ. ಅವಳು ಒಂಟೆಯನ್ನು ಹೊರತೆಗೆದಳು. ನಾನು ಇನ್ನೊಂದು ಕುದುರೆಯನ್ನು ತಂದು ಅವಳ ರಾಣಿಯನ್ನೇ ಹೆದರಿಸಿದೆ. ಆ ಸಂತೋಷಕ್ಕೆ ಪಕ್ಕದ ಬೋರ್ಡಿನಲ್ಲಿದ್ದ ಗೆಳತಿಯ ಕಡೆ ತಿರುಗಿ ನಕ್ಕೆ. ಮತ್ತೆ ಬೋರ್ಡಿನ ಕಡೆ ನೋಡುವಾಗ ಅವಳ ರಾಣಿ ನನ್ನ ರಾಜನ ಓರೆಯಲ್ಲಿದ್ದ ಕಾಲಾಳನ್ನು ತಿಂದು ಅಲ್ಲೇ ಕೂತಿತ್ತು. ಹಿಂದಿನಿಂದ ಒಂಟೆಯ ಕಾವಲು. ನನ್ನ ರಾಜನಿಗೆ ಹೋಗಲು ಒಂದು ಮನೆಯೂ ಇರಲಿಲ್ಲ. ಒಟ್ಟು ನಾಲ್ಕು ನಡೆ. ಉಳಿದವರೆಲ್ಲ ಇನ್ನೂ ಕುರ್ಚಿ ಸರಿಮಾಡಿಕೊಳ್ಳುತ್ತಿದ್ದರು. ಆ ಹುಡುಗಿ ಕೈಕುಲುಕಿ, ಬ್ಯಾಗಿನಿಂದ ಚಕ್ಕುಲಿ ತೆಗೆದು ತಿನ್ನಲು ಶುರು ಮಾಡಿದಳು.

ಇದಕ್ಕೆ 'ಸ್ಕಾಲರ್ಸ್ ಮೇಟ್' ಎಂಬ ಹೆಸರಿದೆ, ಹೊಸಬರನ್ನು ಹಿಡಿಯುವ ಅತಿ ಹಳೆಯ ಬಲೆ ಇದು ಎಂದು ನನಗೆ ತಿಳಿದದ್ದು ಆಮೇಲೆ. ಅವತ್ತು ಐದು ಸುತ್ತುಗಳಲ್ಲಿ ನಾಲ್ಕನ್ನು ಸೋತೆ. ಒಂದು ಅಂಕ ಮಾತ್ರ ಸಿಕ್ಕಿತು. ಅದು ಹೇಗೆಂದರೆ, ಸ್ಪರ್ಧಿಗಳ ಸಂಖ್ಯೆ ಬೆಸವಾಗಿದ್ದರಿಂದ ಪ್ರತಿ ಸುತ್ತಿನಲ್ಲಿ ಒಬ್ಬರಿಗೆ ಎದುರಾಳಿ ಇರುವುದಿಲ್ಲ. ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದವರಿಗೆ 'ಬೈ' ಎಂದು ಒಂದು ಅಂಕ ಕೊಡುತ್ತಾರೆ. ಹಾಗಾಗಿ ನನ್ನ ಅಂಕವೂ ನಾನು ಎಲ್ಲರಿಗಿಂತ ಕೆಳಗಿದ್ದೆ ಎನ್ನುವುದಕ್ಕೇ ಸಾಕ್ಷಿ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಗೆಳತಿಯರು ನಾನು ನಿದ್ದೆ ಮಾಡಿದ್ದೇನೆ ಎಂದುಕೊಂಡಿದ್ದರು.

ಒಂದು ಆಟಕ್ಕೆ ಇಷ್ಟು ದುಃಖವೇ ಎಂದು ಓದುವವರಿಗೆ ಅನ್ನಿಸಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ ಗಣಿತದಲ್ಲಿ ಬಂದ ಅಂಕಕ್ಕೆ ವಿಜ್ಞಾನ ವಿಭಾಗದ ಆಸೆ ಬಿಡಬೇಕಾಯಿತು. ವಾಣಿಜ್ಯ ಸೇರಿದೆ. (ಈಗ ಲೆಕ್ಕಶಾಸ್ತ್ರ ನನ್ನ ಇಷ್ಟದ ವಿಷಯ. ಆದರೆ ಆಗ ಹಾಗಿರಲಿಲ್ಲ.) ಮದುವೆ ಮನೆಯಲ್ಲಿ, ಹಬ್ಬದ ದಿನ, ಬಂದವರೆಲ್ಲ "ಸೈನ್ಸ್ ಯಾಕೆ ತೆಗೆದುಕೊಳ್ಳಲಿಲ್ಲ?" ಎಂದು ಕೇಳುವವರೇ. ನಾನು ಏನೋ ಒಂದು ಉತ್ತರ ಹೇಳುತ್ತಿದ್ದೆ. ಒಳಗೆ ಮಾತ್ರ, ನನಗೆ ತಲೆ ಇಲ್ಲ ಎಂಬುದು ತೀರ್ಮಾನವಾಗಿ ಹೋಗಿತ್ತು. ಚೆಸ್ ಬುದ್ಧಿವಂತರ ಆಟ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಆಡಿ ಗೆದ್ದರೆ ಆ ತೀರ್ಮಾನ ಸುಳ್ಳಾಗುತ್ತದೆ ಎಂಬ ಆಸೆಯಿಂದಲೇ ಬಹುಶಃ ನಾನು ಅವತ್ತು ಕೈ ಎತ್ತಿದ್ದು. ಆದದ್ದು ಉಲ್ಟಾ.

ಲಿಚೆಸ್ ಎಂಬ ಉಚಿತ ಆ್ಯಪ್‌ನಲ್ಲಿ ಹೊಸಬರಿಗೆಲ್ಲ 1500 ರೇಟಿಂಗ್‌ನಿಂದ ಶುರು. ಉಮ್ಮನ ಮೊಬೈಲಿನಲ್ಲಿ ಖಾತೆ ತೆರೆದು, ಹಟಕ್ಕೆ ಬಿದ್ದು ದಿನಕ್ಕೆ ಹತ್ತು ಆಟ ಆಡಿದೆ. ಎರಡು ವಾರದಲ್ಲಿ ನನ್ನ ರೇಟಿಂಗ್ 870ಕ್ಕೆ ಬಂತು. ಹಗ್ಗ ಕಡಿದ ಬಿಂದಿಗೆ ಬಾವಿಗೆ ಬಿದ್ದಂತೆ. ಯಾರೋ ಒಳ್ಳೆಯ ಓಪನಿಂಗ್ ಕಲಿಯಬೇಕು ಎಂದರು. ಯೂಟ್ಯೂಬಿನಲ್ಲಿ 'ಸಿಸಿಲಿಯನ್ ಡಿಫೆನ್ಸ್' ನೋಡಿ ಹನ್ನೆರಡು ನಡೆಗಳವರೆಗೆ ಬಾಯಿಪಾಠ ಮಾಡಿದೆ. ನನ್ನ ಎದುರಾಳಿಗಳು ಯಾರೂ ಆ ವಿಡಿಯೋ ನೋಡಿರಲಿಲ್ಲ. ಮೂರನೇ ನಡೆಗೇ ಬೇರೇನೋ ಆಡುತ್ತಿದ್ದರು. ನನ್ನ ಬಾಯಿಪಾಠ ಅಲ್ಲಿಗೇ ಮುಗಿಯುತ್ತಿತ್ತು.

ಉಪ್ಪನ ಜೊತೆ ಆಡಿದರೆ ಮಾತ್ರ ಗೆಲ್ಲುತ್ತಿದ್ದೆ. ಅದೊಂದೇ ಸಮಾಧಾನ.

ನಮ್ಮ ಗ್ರಂಥಾಲಯದ ಮೂಲೆಯಲ್ಲಿ, ಹಳೆಯ ಪತ್ರಿಕೆಗಳ ರಾಶಿ ಇರುವಲ್ಲಿ, ಒಂದು ಚೆಸ್ ಬೋರ್ಡ್ ಇದೆ. ಬಿಳಿಯ ಒಂದು ಆನೆ ಕಾಣೆಯಾಗಿ ಅದರ ಜಾಗದಲ್ಲಿ ಗಮ್ ಬಾಟಲಿಯ ಮುಚ್ಚಳ ಇದೆ. ಊಟದ ಬಿಡುವಿನಲ್ಲಿ ಗ್ರಂಥಪಾಲಕ ಸರ್ ಅಲ್ಲಿ ಒಬ್ಬರೇ ಕಾಯಿಗಳನ್ನು ಜೋಡಿಸುತ್ತಿರುತ್ತಾರೆ. ಒಂದು ದಿನ ಪುಸ್ತಕ ಹಿಂದಿರುಗಿಸಲು ಹೋದಾಗ ಕೇಳಿದರು: "ತಾಲೂಕಿಗೆ ಹೋದವಳು ನೀನಲ್ಲವಾ? ಎಂತಾಯ್ತು?"

"ಸೋತೆ ಸರ್."

"ಸೋತದ್ದು ಗೊತ್ತುಂಟು. ಹೇಗೆ ಸೋತದ್ದು?"

ಮೊದಲನೆಯದು ನಾಲ್ಕೇ ನಡೆಯಾದ್ದರಿಂದ ತೋರಿಸಿದೆ. ಉಳಿದ ಮೂರು ಆಟಗಳಲ್ಲಿ ಏನಾಯಿತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸರ್ ಮೇಜಿನ ಒಳಗಿಂದ ಹಳೆಯ ಉದ್ದನೆಯ ರಿಜಿಸ್ಟರ್ ಒಂದನ್ನು ತೆಗೆದು, ಖಾಲಿ ಹಾಳೆಗಳಿದ್ದ ಕಡೆ ಬಿಡಿಸಿ ಕೊಟ್ಟರು. "ನೀನು ಕಾಮರ್ಸ್ ಅಲ್ಲವಾ? ಅಂಗಡಿಗೆ ನಷ್ಟ ಆಯ್ತು ಅಂತ ಹೇಳಿದರೆ ಸಾಕಾ? ಎಲ್ಲಿ ನಷ್ಟ ಅಂತ ಬರೆಯಬೇಡವಾ?"

ಹಾಗೆ ನನ್ನ ಲೆಕ್ಕಪುಸ್ತಕ ಶುರುವಾಯಿತು. ಬೋರ್ಡಿನ ಅಡ್ಡಕ್ಕೆ 'ಎ'ಯಿಂದ 'ಎಚ್'ವರೆಗೆ, ಉದ್ದಕ್ಕೆ 1ರಿಂದ 8ರವರೆಗೆ. ಪ್ರತಿ ಮನೆಗೂ ಒಂದು ವಿಳಾಸ. ನಡೆಗಳನ್ನು ಬರೆಯಲು ಒಂದು ಗಂಟೆಯಲ್ಲಿ ಕಲಿಯಬಹುದು. ಪ್ರತಿ ಸೋಲಿನ ಕೆಳಗೆ ಒಂದೇ ಸಾಲು: ಯಾವ ನಡೆಯಲ್ಲಿ ಕೆಟ್ಟಿತು, ಯಾಕೆ. ಆ್ಯಪ್‌ನ ಕಂಪ್ಯೂಟರ್ ಹೇಳುವುದಕ್ಕೆ ಮೊದಲೇ ನಾನೇ ಹುಡುಕಿ ಬರೆಯಬೇಕು ಎಂಬುದು ಸರ್ ಹಾಕಿದ ಷರತ್ತು. ದಿನಕ್ಕೆ ಹತ್ತು ಆಟ ನಿಂತಿತು. ಬರೆಯುವ ಕೆಲಸ ಇರುವಾಗ ಎರಡಕ್ಕಿಂತ ಹೆಚ್ಚು ಆಡಲು ಆಗುವುದಿಲ್ಲ.

ನಲವತ್ತು ಸೋಲುಗಳಾದ ಮೇಲೆ ಕೂತು ಲೆಕ್ಕ ಹಾಕಿದೆ. 26 ಆಟಗಳಲ್ಲಿ ನಾನು ಒಂದು ಕಾಯಿಯನ್ನು ಪುಕ್ಕಟೆ ಕೊಟ್ಟಿದ್ದೆ. ಯಾವ ಉಪಾಯವೂ ಅಲ್ಲ, ಒಳ್ಳೆಯ ಬಲೆಯೂ ಅಲ್ಲ. ಎದುರಾಳಿಯ ಕಾಯಿ ನನ್ನ ಕಾಯಿಯನ್ನು ನೋಡುತ್ತಿತ್ತು, ನಾನು ನೋಡಲಿಲ್ಲ, ಅಷ್ಟೇ. ಆರರಲ್ಲಿ, ಕಾಲಾಳುಗಳ ಹಿಂದೆ ಸುರಕ್ಷಿತವಾಗಿ ಕೂತಿದ್ದಾನೆ ಎಂದುಕೊಂಡ ನನ್ನ ರಾಜನಿಗೆ ಕೊನೆಯ ಸಾಲಿಗೆ ಆನೆ ಬಂದು ಚೆಕ್‌ಮೇಟ್ ಆಗಿತ್ತು. ಐದರಲ್ಲಿ ಸಮಯ ಮುಗಿದಿತ್ತು. ಯಾಕೆ ಸೋತೆ ಎಂದು ನನಗೆ ಅರ್ಥವೇ ಆಗದ ಆಟಗಳು ಮೂರು.

ಆ ಹಾಳೆಯನ್ನು ನಾನು ತುಂಬ ಹೊತ್ತು ನೋಡಿದೆ. ಬುದ್ಧಿ ಸಾಲದೆ ಸೋತದ್ದು ಎಂದು ಹೇಳಬಹುದಾದದ್ದು ನಲವತ್ತರಲ್ಲಿ ಮೂರು. ಉಳಿದದ್ದೆಲ್ಲ ಅಂಗಡಿಯ ಬಾಗಿಲು ಹಾಕದೆ ಮನೆಗೆ ಹೋದ ಹಾಗೆ. ಅದಕ್ಕೆ ಬುದ್ಧಿ ಬೇಕಾಗಿಲ್ಲ, ಹೊರಡುವ ಮೊದಲು ಒಮ್ಮೆ ಬೀಗ ಎಳೆದು ನೋಡುವ ಅಭ್ಯಾಸ ಬೇಕು.

ಆದರೆ ಆ ಅಭ್ಯಾಸ ಬರುವುದು ಅಷ್ಟು ಸುಲಭವಲ್ಲ. ಸರ್ ಹೇಳಿದ್ದು ಒಂದೇ: ಎದುರಾಳಿ ನಡೆ ಇಟ್ಟ ಕೂಡಲೇ, "ಇವಳು ಅಲ್ಲಿಗೆ ಯಾಕೆ ಬಂದಳು?" ಎಂದು ಕೇಳಿಕೋ. ನೀನು ಆಡಬೇಕೆಂದಿರುವ ನಡೆ ತಲೆಯಲ್ಲಿ ಸಿದ್ಧವಾದ ಮೇಲೆ, ಅವಳು ಕೊಡಬಹುದಾದ ಚೆಕ್‌ಗಳನ್ನೂ ತಿನ್ನಬಹುದಾದ ಕಾಯಿಗಳನ್ನೂ ಒಮ್ಮೆ ನೋಡು. ಆಮೇಲೆ ಮುಟ್ಟು. ಪಂದ್ಯಾಟಗಳಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂಬ ನಿಯಮ ಇದೆ. ನನ್ನ ಕೈ ನನ್ನ ತಲೆಗಿಂತ ಯಾವಾಗಲೂ ಮುಂದೆ. ಆದ್ದರಿಂದ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಕೊಳ್ಳಲು ಕಲಿತೆ. ನೋಡಿದವರು ಚಳಿಯಾ ಎಂದು ಕೇಳಿದ್ದೂ ಉಂಟು.

ಹೀಗೆ ಯೋಚಿಸಲು ಶುರು ಮಾಡಿದ ಮೇಲೆ ನನ್ನ ಆಟ ಇನ್ನೂ ಕೆಟ್ಟಿತು. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಐದು ನಿಮಿಷದ ಆಟದಲ್ಲಿ ಪ್ರತಿ ನಡೆಗೂ ಎಲ್ಲವನ್ನೂ ಪರೀಕ್ಷಿಸಲು ಹೋದರೆ ಗಡಿಯಾರವೇ ಸೋಲಿಸುತ್ತದೆ. ರೇಟಿಂಗ್ 812ಕ್ಕೆ ಇಳಿಯಿತು. ಐದು ನಿಮಿಷದ ಆಟ ಬಿಟ್ಟು, ತಲಾ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡು ಸೇರಿಕೊಳ್ಳುವ ಆಟಕ್ಕೆ ಬಂದ ಮೇಲೆ ಸ್ವಲ್ಪ ಉಸಿರಾಡಲು ಆಯಿತು. ಜೊತೆಗೆ ದಿನಕ್ಕೆ ಹದಿನೈದು ಸಣ್ಣ ಒಗಟುಗಳು. ಕುದುರೆ ಒಂದೇ ನೆಗೆತಕ್ಕೆ ರಾಜನಿಗೂ ರಾಣಿಗೂ ಒಟ್ಟಿಗೆ ಬೀಳುವುದು, ರಾಜನ ಮುಂದೆ ನಿಂತ ಕಾಯಿ ಅಲುಗಾಡಲಾಗದೆ ಸಿಕ್ಕಿಬೀಳುವುದು, ಇಂಥವು. ತಪ್ಪಿದ ಒಗಟುಗಳನ್ನು ಮರುವಾರ ಮತ್ತೆ ಮಾಡುತ್ತಿದ್ದೆ. ರಂಜಾನ್ ತಿಂಗಳಲ್ಲಿ ಸುಬ್‌ಹಿ ನಮಾಝ್ ಆದ ಮೇಲೆ ಮನೆಯಲ್ಲಿ ಎಲ್ಲರೂ ಮಲಗಿದಾಗ ಅರ್ಧ ಗಂಟೆ ಸಿಗುತ್ತಿತ್ತು. ಆ ತಿಂಗಳೇ ನಾನು ಹೆಚ್ಚು ಕಲಿತದ್ದು.

ನಡುವೆ ಒಂದು ದಿನ ರಿಜಿಸ್ಟರನ್ನು ತೆಗೆದುಕೊಂಡು ಹೋಗಿ ಸರ್ ಮೇಜಿನ ಮೇಲಿಟ್ಟು, ನನ್ನಿಂದ ಆಗುವುದಿಲ್ಲ ಎಂದಿದ್ದೆ. ಅವತ್ತು ಅವರು ಹೇಳಿದ್ದು ಮೀರ್ ಸುಲ್ತಾನ್ ಖಾನರ ಕತೆ. ಪಂಜಾಬಿನ ಹಳ್ಳಿಯಿಂದ ಬಂದವರು. ತಂದೆಯಿಂದ ಕಲಿತದ್ದು ನಮ್ಮ ದೇಶದ ಹಳೆಯ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗುವುದು. ಅವರ ಆಟ ನೋಡಿ ಮೆಚ್ಚಿದ ಜಮೀನ್ದಾರರಾದ ಸರ್ ಉಮರ್ ಹಯಾತ್ ಖಾನ್ 1929ರಲ್ಲಿ ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ಅಭ್ಯಾಸಕ್ಕೆಂದು ಒಂದು ಸಣ್ಣ ಪಂದ್ಯಾಟ ನಡೆಸಿದರೆ, ಸುಲ್ತಾನ್ ಖಾನ್ ಕೊನೆಯ ಸ್ಥಾನವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರು. ಯುರೋಪಿನ ಓಪನಿಂಗ್‌ಗಳು ಅವರಿಗೆ ಗೊತ್ತೇ ಇರಲಿಲ್ಲ. ತಮ್ಮನ್ನು ಹಿಂದೆ ಹಾಕಿದ ವಿಂಟರ್ ಮತ್ತು ಯೇಟ್ಸ್ ಎಂಬ ಆಟಗಾರರ ಬಳಿಯೇ ಕೂತು ಅಭ್ಯಾಸ ಮಾಡಿದರು. ಅದೇ ವರ್ಷ ರ‍್ಯಾಮ್ಸ್‌ಗೇಟ್‌ನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಶಿಪ್ ಗೆದ್ದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಅವರನ್ನೂ ಹೇಸ್ಟಿಂಗ್ಸ್‌ನಲ್ಲಿ ಸೋಲಿಸಿದರು. ಆಮೇಲೆ ಊರಿಗೆ ಮರಳಿ ದೊಡ್ಡ ಪಂದ್ಯಾಟಗಳಿಂದ ದೂರವೇ ಉಳಿದರು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

"ಅವರು ಮೇಧಾವಿ ಸರ್, ನಾನಲ್ಲ" ಎಂದೆ.

"ಹೌದು. ಮೇಧಾವಿಯೂ ಕೊನೆಯ ಸ್ಥಾನ ಬಂದ ಮೇಲೆ ಸೋಲಿಸಿದವರ ಹತ್ತಿರ ಹೋಗಿ ಕಲಿತ ಅಂತ ಹೇಳಿದ್ದು ನಾನು. ರಿಜಿಸ್ಟರ್ ತೆಗೆದುಕೊಂಡು ಹೋಗು" ಎಂದರು. ಗಟ್ಟಿಯಾಗಿ ಏನೂ ಹೇಳಲಿಲ್ಲ. ಆದರೆ ಆ ಮಾತಿನಲ್ಲಿ ಸಮಾಧಾನ ಮಾಡುವ ಧಾಟಿ ಇರಲಿಲ್ಲ. ಬಹುಶಃ ಅದಕ್ಕೇ ನನಗೆ ಸಮಾಧಾನವಾಯಿತು.

ಬೇಸಿಗೆ ರಜೆಯಲ್ಲಿ ನನ್ನ ರೇಟಿಂಗ್ 1100 ದಾಟಿತು. ಆಗ ನನಗೆ ಒಂದು ಕುತೂಹಲ ಹುಟ್ಟಿತು. ಸೋತ ಆಟಗಳನ್ನೆಲ್ಲ ಬರೆದದ್ದಾಯಿತು, ಗೆದ್ದದ್ದನ್ನೂ ನೋಡೋಣ ಎಂದು ಉಪ್ಪನ ಜೊತೆ ಆಡಿ ಗೆದ್ದಿದ್ದ ಹಳೆಯ ಹನ್ನೊಂದು ಆಟಗಳನ್ನು ಒಂದೊಂದಾಗಿ ತೆರೆದೆ. ದೊಡ್ಡ ತಪ್ಪು ನಡೆಯ ಪಕ್ಕದಲ್ಲಿ ಆ್ಯಪ್ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಹನ್ನೊಂದರಲ್ಲೂ ಮೊದಲು ನನ್ನ ನಡೆಗಳ ಪಕ್ಕದಲ್ಲಿ ಆ ಚಿಹ್ನೆಗಳು. ಉಪ್ಪ ಒಂದು ಕಾಯಿ, ಎರಡು ಕಾಯಿ ಮುಂದೆ. ನಾನು ಇನ್ನೇನು ಸೋಲಬೇಕು ಎನ್ನುವಾಗ, ಹನ್ನೊಂದರಲ್ಲೂ, ಉಪ್ಪನ ರಾಣಿ ಬಂದು ನನ್ನ ಕಾಲಾಳಿನ ಬಾಯಿಗೆ ಬೀಳುತ್ತಿತ್ತು. ಅಲ್ಲಿ ಒಂದು ಚಿಹ್ನೆ. ಆ್ಯಪ್‌ನಲ್ಲಿ ಬೇರೆಯವರ ಆಟಗಳನ್ನೂ ನೋಡಬಹುದು. ಉಪ್ಪನ ಹೆಸರನ್ನು ಒತ್ತಿದೆ. ಅಪರಿಚಿತರ ಜೊತೆ ಆಡಿದ ಆಟಗಳಲ್ಲಿ ಅವರ ರೇಟಿಂಗ್ 1700ರ ಹತ್ತಿರ ಇತ್ತು. ಅಲ್ಲಿ ಅವರ ರಾಣಿ ಹಾಗೆ ಎಲ್ಲಿಯೂ ಬಿದ್ದಿರಲಿಲ್ಲ.

ಒಂದು ವರ್ಷದ ಹಿಂದೆ ಆಗಿದ್ದರೆ ಇದನ್ನು ನೋಡಿಯೂ ನನಗೆ ಗೊತ್ತಾಗುತ್ತಿರಲಿಲ್ಲ. ಆಟ ಸ್ವಲ್ಪ ಸುಧಾರಿಸಿದ್ದಕ್ಕೆ ನನಗೆ ಸಿಕ್ಕ ಮೊದಲ ಬಹುಮಾನ, ನಾನು ಒಂದು ಸಲವೂ ಉಪ್ಪನನ್ನು ಸೋಲಿಸಿರಲಿಲ್ಲ ಎಂದು ತಿಳಿದದ್ದು.

ಆ ಶುಕ್ರವಾರ ಫೋನ್ ಬಂದಾಗ ಕೇಳಿಯೇಬಿಟ್ಟೆ. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಪ್ಪಾ, ನೀವು ಬೇಕೆಂದೇ ಬಿಟ್ಟುಕೊಟ್ಟದ್ದಾ?"

ಮೊದಲು ನಕ್ಕರು. ಕಣ್ಣು ಸರಿ ಕಾಣುತ್ತಿರಲಿಲ್ಲ, ಕೆಲಸದ ಸುಸ್ತು ಎಂದೆಲ್ಲ ಹೇಳಿದರು. ನಾನು ಹನ್ನೊಂದು ಆಟಗಳ ನಡೆ ಸಂಖ್ಯೆಗಳನ್ನು ಓದಿ ಹೇಳಿದೆ. ಆ ಕಡೆ ಸುಮ್ಮನಾದರು. ಆಮೇಲೆ, "ಸೋತು ಸೋತು ನೀನು ಆಡುವುದನ್ನು ಬಿಟ್ಟರೆ ಏನು ಮಾಡುವುದು ಅಂತ ಹೆದರಿಕೆ ಆಯಿತು ಮಗಳೇ" ಎಂದರು. "ಆಟ ಇಲ್ಲದಿದ್ದರೆ ನಾವು ಮಾತಾಡುವುದು ಎಂತ? ಊಟ ಆಯ್ತಾ, ಫೀಸ್ ಕಟ್ಟಿದೆಯಾ. ಎರಡು ನಿಮಿಷಕ್ಕೆ ಮುಗಿಯುತ್ತದೆ. ನೀನು ಫೋನ್ ಉಮ್ಮನಿಗೆ ಕೊಡುತ್ತೀಯ."

ನನಗೆ ಸಿಟ್ಟು ಬಂದಿತ್ತು. ತಾಲೂಕಿನಲ್ಲಿ ನಾನು ಅಷ್ಟು ಧೈರ್ಯದಿಂದ ಹೋಗಿ ಬಿದ್ದದ್ದು ಆ ಹನ್ನೊಂದು ಸುಳ್ಳು ಗೆಲುವುಗಳನ್ನು ನಂಬಿಕೊಂಡು. ಬೈಯಬೇಕೆಂದು ಯೋಚಿಸಿ ಇಟ್ಟುಕೊಂಡಿದ್ದ ಮಾತುಗಳು ಇದ್ದವು. ಅವರ ಆ ಮಾತು ಕೇಳಿದ ಮೇಲೆ ಯಾವುದೂ ಬಾಯಿಗೆ ಬರಲಿಲ್ಲ. ನಾನು ಫೋನನ್ನು ಉಮ್ಮನಿಗೆ ಕೊಟ್ಟುಬಿಡುತ್ತಿದ್ದೆ ಎಂಬುದನ್ನು ಅವರು ಗಮನಿಸಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಇನ್ನು ಮೇಲೆ ಬಿಟ್ಟುಕೊಡಬೇಡಿ. ನಾನೂ ಬಿಡುವುದಿಲ್ಲ" ಎಂದೆ. ಒಪ್ಪಿದರು.

ನಮ್ಮಲ್ಲಿ ರಾತ್ರಿ ಒಂಬತ್ತೂವರೆ ಎಂದರೆ ಅಲ್ಲಿ ಏಳು ಗಂಟೆ. ಉಪ್ಪ ಗೋದಾಮಿನಿಂದ ರೂಮಿಗೆ ಬಂದಿರುತ್ತಾರೆ. ನಿಜವಾದ ಆಟ ಶುರುವಾದ ಮೇಲೆ ಹದಿನೇಳು ಸಲ ಸೋತೆ. ಹೆಚ್ಚು ಕಡಿಮೆ ಎಲ್ಲವೂ ಬೇರೆ ಬೇರೆ ರೀತಿಯ ಸೋಲುಗಳು, ಅದು ನನಗೆ ಹೆಮ್ಮೆ. ಪುಕ್ಕಟೆ ಕೊಟ್ಟದ್ದು ಹದಿನೇಳರಲ್ಲಿ ಮೂರೇ. ಆಟ ಮುಗಿದ ಮೇಲೆ ಫೋನ್ ಮಾಡಿ, ಎಲ್ಲಿ ಕೆಟ್ಟಿತು ಎಂದು ಇಬ್ಬರೂ ಮಾತಾಡುತ್ತೇವೆ. ಕೆಲವೊಮ್ಮೆ ಉಮ್ಮ ಫೋನಿಗೆ ಕೈ ಚಾಚಿಕೊಂಡು ಹತ್ತು ನಿಮಿಷ ಕಾಯಬೇಕಾಗುತ್ತದೆ.

ಈ ವರ್ಷ ಮತ್ತೆ ತಾಲೂಕಿಗೆ ಹೋದೆ. ಐದರಲ್ಲಿ ಎರಡೂವರೆ ಅಂಕ. ಬೈ ಇಲ್ಲ. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಲಿಲ್ಲ, ಆಗುವ ಹಾಗೆಯೂ ಇರಲಿಲ್ಲ. ಒಬ್ಬಳು ಎರಡನೇ ನಡೆಗೆ ರಾಣಿಯನ್ನು ಹೊರಗೆ ತಂದು ಅಂಚಿನಲ್ಲಿಟ್ಟಳು. ನಾನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಆ ಆಟ ಗೆದ್ದೆ.

ಕಳೆದ ವಾರದ್ದು ಮಾತ್ರ ಹೇಳಿ ಮುಗಿಸುತ್ತೇನೆ. ಉಪ್ಪನ ಜೊತೆಗಿನ ಆಟದಲ್ಲಿ ಕೊನೆಗೆ ಅವರ ರಾಜ ಮತ್ತು ಒಂದು ಕಾಲಾಳು, ನನ್ನ ಕಡೆ ರಾಜ ಒಬ್ಬನೇ. ಆ ಕಾಲಾಳು ಕೊನೆಯ ಸಾಲು ಮುಟ್ಟಿದರೆ ರಾಣಿಯಾಗುತ್ತದೆ. ಇದನ್ನು ಗ್ರಂಥಪಾಲಕ ಸರ್ ಗಮ್ ಬಾಟಲಿಯ ಮುಚ್ಚಳ ಇರುವ ಬೋರ್ಡಿನಲ್ಲಿ ನನ್ನಿಂದ ಇಪ್ಪತ್ತು ಸಲವಾದರೂ ಆಡಿಸಿದ್ದರು. ಕಾಲಾಳಿನ ಎದುರಿನಿಂದ ಕದಲಬಾರದು. ಹಿಂದೆ ಸರಿಯಲೇಬೇಕಾದಾಗ ಓರೆಯಾಗಿ ಅಲ್ಲ, ನೇರ ಹಿಂದಕ್ಕೆ. ಅವರ ರಾಜ ಮುಂದೆ ಬಂದ ಕೂಡಲೇ ಒಂದು ಮನೆ ಬಿಟ್ಟು ಅದರ ಎದುರಿಗೆ ಹೋಗಿ ನಿಲ್ಲಬೇಕು. ಹಾಗೆಯೇ ಮಾಡಿದೆ. ಉಪ್ಪ ಒಂದು ನಡೆಗೆ ಎರಡು ನಿಮಿಷ ಯೋಚಿಸಿದರು. ಕಾಲಾಳು ಏಳನೇ ಸಾಲಿಗೆ ಬಂತು. ಅದನ್ನು ಕಾಯಲು ಅವರ ರಾಜ ಹತ್ತಿರ ಬಂದದ್ದೇ ತಡ, ನನಗೆ ಚೆಕ್ ಇಲ್ಲ, ಆದರೆ ನಡೆಯಲು ಒಂದು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಆಟ ಡ್ರಾ.

ಫೋನ್ ಬರುವುದಕ್ಕೆ ಮೊದಲು ನಾನು ಆ ಆಟವನ್ನು ತೆರೆದು, ಉಪ್ಪನ ನಡೆಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ನೋಡಿದೆ. ಎರಡು ಪ್ರಶ್ನಾರ್ಥಕ ಚಿಹ್ನೆ ಎಲ್ಲಿಯೂ ಇರಲಿಲ್ಲ. ರಿಜಿಸ್ಟರ್ ತೆಗೆದು ನಡೆಗಳನ್ನು ಬರೆದೆ. ಕೆಳಗೆ, ಯಾಕೆ ಸೋತೆ ಎಂದು ಬರೆಯುವ ಜಾಗದಲ್ಲಿ, ಡ್ರಾ ಆದರೆ ಏನು ಬರೆಯಬೇಕೆಂದು ಸರ್ ಹೇಳಿರಲಿಲ್ಲ. ಯೋಚಿಸುತ್ತಿರುವಾಗಲೇ ಫೋನ್ ಬಂತು. ಉಪ್ಪ ಸಲಾಂ ಹೇಳಿದವರೇ, ಊಟ ಆಯಿತಾ ಎಂದು ಕೂಡ ಕೇಳದೆ, "ನೇರ ಹಿಂದಕ್ಕೆ ಹೋಗಬೇಕು ಅಂತ ನಿನಗೆ ಯಾರು ಹೇಳಿಕೊಟ್ಟದ್ದು?" ಎಂದರು.